ಸಿದ್ದಿ ವಾಡೆಯ ಮಕ್ಕಳು ಏಳನೆಯ ತರಗತಿಯ ನಂತರ ಏಕೆ ಕಾಣಿಸುವುದಿಲ್ಲ?

ಪ್ರಶ್ನೆ: ನಾನು ಯಲ್ಲಾಪುರ ತಾಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ನಮ್ಮ ಶಾಲೆಗೆ ಆಫ್ರಿಕಾ ಮೂಲದ ಸಿದ್ದಿ ಬುಡಕಟ್ಟಿನ ವಾಡೆಗಳಿಂದ (ಕಾಡಂಚಿನ ಚಿಕ್ಕ ಕೇರಿಗಳಿಂದ) ಮಕ್ಕಳು ಬರುತ್ತಾರೆ. ಒಂದನೆಯ ತರಗತಿಗೆ ಸೇರುವಾಗ ಅವರೂ ಉಳಿದವರಂತೆಯೇ ಇರುತ್ತಾರೆ. ಮೂರನೆಯ ತರಗತಿಯ ಹೊತ್ತಿಗೆ ಹಿಂದೆ ಬಿದ್ದಿರುತ್ತಾರೆ. ಏಳನೆಯ ತರಗತಿ ಮುಗಿದ ಮೇಲೆ ಹಲವರು ಹೈಸ್ಕೂಲಿಗೆ ಹೋಗುವುದೇ ಇಲ್ಲ. ಪಾಲಕರಿಗೆ ಆಸಕ್ತಿಯಿಲ್ಲ ಎಂದು ಶಿಕ್ಷಕರು ಹೇಳುತ್ತಾರೆ. ಮೀಸಲಾತಿ, ಬಿಸಿಯೂಟ, ವಿದ್ಯಾರ್ಥಿವೇತನ ಎಲ್ಲ ಇದ್ದೂ ಹೀಗೇಕೆ? ಅಮೆರಿಕದ ಕಪ್ಪು ಮಕ್ಕಳು, ಕೆನಡಾದ ಮೂಲನಿವಾಸಿ ಮಕ್ಕಳು ಎದುರಿಸುವ ತೊಂದರೆಯೇ ಇದೂ ಹೌದೇ? ನಮ್ಮ ಸಮಿತಿಯಿಂದ ಏನು ಸಾಧ್ಯ? ಇನ್ನೊಂದು ಮಾತು: ನಮ್ಮಲ್ಲಿ ಒಬ್ಬ ಸಿದ್ದಿ ಹುಡುಗಿ ಓಟದಲ್ಲಿ ಬಹಳ ಮುಂದಿದ್ದಾಳೆ. ಅವಳನ್ನು ಕ್ರೀಡಾ ವಸತಿ ನಿಲಯಕ್ಕೆ ಕಳಿಸುವುದು ಒಳ್ಳೆಯದೇ?

ಉತ್ತರ: ಮಕ್ಕಳು ಯಾವ ಯಾವ ಹಂತದಲ್ಲಿ ಹಿಂದೆ ಬೀಳುತ್ತಾರೆ ಎಂಬುದನ್ನು ತಾವು ಗಮನಿಸಿ ಬರೆದಿದ್ದೀರಿ. ಶಿಕ್ಷಕರ ವಿವರಣೆ ಅಲ್ಲಿಯೇ ದುರ್ಬಲವಾಗುತ್ತದೆ. ಪಾಲಕರ ನಿರಾಸಕ್ತಿಯೇ ಮುಖ್ಯ ಕಾರಣವಾಗಿದ್ದರೆ ಶಾಲೆ ಬಿಡುವುದು ಎಲ್ಲ ತರಗತಿಗಳಲ್ಲೂ ಹೆಚ್ಚುಕಡಿಮೆ ಸಮನಾಗಿ ಹರಡಿರಬೇಕಿತ್ತು. ಹಾಗಾಗುತ್ತಿಲ್ಲ. ಮನೆಮಾತಿನಿಂದ ಪಠ್ಯಪುಸ್ತಕದ ಭಾಷೆಗೆ ಬರುವಲ್ಲಿ ಒಮ್ಮೆ, ಊರ ಶಾಲೆಯಿಂದ ದೂರದ ಹೈಸ್ಕೂಲಿಗೆ ಹೋಗಬೇಕಾದಲ್ಲಿ ಇನ್ನೊಮ್ಮೆ, ಕಚೇರಿಯವರು ಕಾಗದಪತ್ರ ಕೇಳುವಲ್ಲಿ ಮತ್ತೊಮ್ಮೆ, ಹೀಗೆ ಗೊತ್ತಾದ ಕಡೆಗಳಲ್ಲೇ ಮಕ್ಕಳು ಕಳಚಿಕೊಳ್ಳುತ್ತಾರೆ. ಈ ತಿರುವುಗಳನ್ನು ಮಾಡಿಟ್ಟವರು ಪಾಲಕರಲ್ಲ. ಆದ್ದರಿಂದ ದುರಸ್ತಿಯೂ ಶಾಲೆ ಮತ್ತು ಇಲಾಖೆಯ ಕಡೆಯಿಂದಲೇ ಆರಂಭವಾಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಅಂತರ ನಮ್ಮ ಜಿಲ್ಲೆಯ ಸರಾಸರಿಯಲ್ಲಿ ಕಾಣಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಉತ್ತರ ಕನ್ನಡ ಎಂದರೆ ಎರಡು ಶೈಕ್ಷಣಿಕ ಜಿಲ್ಲೆಗಳು: ಕರಾವಳಿಯ ತಾಲೂಕುಗಳಿಗೆ ಕಾರವಾರ, ಘಟ್ಟದ ಮೇಲಿನ ತಾಲೂಕುಗಳಿಗೆ ಶಿರಸಿ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ರಾಜ್ಯದಲ್ಲಿ ಶಿರಸಿಯ ಸ್ಥಾನ ಎಷ್ಟನೆಯದು ಎಂದು ನಾವೆಲ್ಲ ಕುತೂಹಲದಿಂದ ನೋಡುತ್ತೇವೆ. ಆದರೆ ಅದು ಪರೀಕ್ಷೆಗೆ ಕುಳಿತವರ ಫಲಿತಾಂಶ. ಏಳಕ್ಕೇ ಶಾಲೆ ಬಿಟ್ಟು ಅಡಿಕೆ ತೋಟದ ಕೂಲಿಗೆ ಹೋದ ಹುಡುಗ ಅದರಲ್ಲಿ ಅನುತ್ತೀರ್ಣನಾಗಿಯೂ ದಾಖಲಾಗುವುದಿಲ್ಲ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆಯಲ್ಲಿ ಪರಿಶಿಷ್ಟ ಪಂಗಡದವರು ಸುಮಾರು ಶೇ. 2.4 ಮಾತ್ರ, ಸಿದ್ದಿಗಳು ಅದರ ಒಂದು ಭಾಗ. ಇಷ್ಟು ಚಿಕ್ಕ ಸಮುದಾಯದ ಎಲ್ಲ ಮಕ್ಕಳೂ ಶಾಲೆ ಬಿಟ್ಟರೂ ಜಿಲ್ಲೆಯ ಅಂಕಿ ಅಷ್ಟಾಗಿ ಅಲುಗದು.

ಮೊದಲನೆಯ ತಿರುವು ಭಾಷೆಯದು; ಅತಿ ಕಡಿಮೆ ಖರ್ಚಿನಲ್ಲಿ ಸರಿಪಡಿಸಬಹುದಾದದ್ದೂ ಅದೇ. ನಮ್ಮ ಭಾಗದ ಸಿದ್ದಿ ಮನೆಗಳಲ್ಲಿ ಆಡುವುದು ಹೆಚ್ಚಾಗಿ ಕೊಂಕಣಿ ಮೂಲದ ಮಾತು. ವಾಡೆಯಿಂದ ವಾಡೆಗೆ ಅದರಲ್ಲಿ ಕನ್ನಡ, ಮರಾಠಿ, ಉರ್ದು ಹೆಚ್ಚುಕಡಿಮೆ ಬೆರೆತಿರುತ್ತವೆ. ಮಗುವಿಗೆ ಕನ್ನಡ ಕಿವಿಗೆ ಬೀಳದೆ ಇರುವುದಿಲ್ಲ. ಆದರೆ ಅದು ಕೇಳುವ ಕನ್ನಡ ತಾಯಿ ಕೆಲಸಕ್ಕೆ ಹೋಗುವ ತೋಟದ ಮನೆಯ ಹವ್ಯಕ ಕನ್ನಡ, ಸಂತೆಯ ಕನ್ನಡ. ಪಠ್ಯಪುಸ್ತಕದ ಕನ್ನಡ ಅದಕ್ಕೆ ಮೂರನೆಯ ಮಾತು. ಅಕ್ಕೋರು (ಶಿಕ್ಷಕಿ) ಕೇಳಿದ ಪ್ರಶ್ನೆಯನ್ನು ಮೊದಲು ಮನಸ್ಸಿನಲ್ಲೇ ಮನೆಮಾತಿಗೆ ತಂದುಕೊಂಡು, ಉತ್ತರ ಹುಡುಕಿ, ಅದನ್ನು ಮತ್ತೆ ಶಾಲೆಯ ಕನ್ನಡಕ್ಕೆ ತಿರುಗಿಸುವಷ್ಟರಲ್ಲಿ ಮುಂದಿನ ಸಾಲಿನ ಮಗು ಉತ್ತರ ಹೇಳಿ ಮುಗಿಸಿರುತ್ತದೆ. ಹೀಗೆ ಕೆಲವು ತಿಂಗಳು ನಡೆದರೆ ಮಗು ಪ್ರಯತ್ನ ಬಿಟ್ಟು ಮೌನವಾಗುತ್ತದೆ, ಶಿಕ್ಷಕರು ಆ ಮೌನವನ್ನು ಮಂದಬುದ್ಧಿ ಎಂದು ಓದಿಕೊಳ್ಳುತ್ತಾರೆ. ಮೂರನೆಯ ತರಗತಿಯ ಹೊತ್ತಿಗೆ ತಾವು ಕಾಣುತ್ತಿರುವ ಹಿನ್ನಡೆಯ ಬಹುಪಾಲು ಇಲ್ಲಿ ಹುಟ್ಟಿದ್ದು.

ಇದಕ್ಕೆ ಕಾನೂನಿನ ಆಧಾರ ಇಲ್ಲದಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಮೂಲಕ ಕಲಿಸುವ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಎಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ; 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಪ್ರಕರಣವೂ ಸಾಧ್ಯವಿರುವಷ್ಟು ಮಟ್ಟಿಗೆ ತಾಯ್ನುಡಿಯಲ್ಲೇ ಕಲಿಕೆ ನಡೆಯಬೇಕೆನ್ನುತ್ತದೆ. ಒಡಿಶಾ ರಾಜ್ಯ 2006-07ರಿಂದ ಹತ್ತು ಬುಡಕಟ್ಟು ಭಾಷೆಗಳಲ್ಲಿ ಬಹುಭಾಷಾ ಶಿಕ್ಷಣ ಆರಂಭಿಸಿತು: ಮೊದಲು ಮನೆಮಾತಿನಲ್ಲಿ ಓದುಬರಹ, ಆಮೇಲೆ ಹಂತಹಂತವಾಗಿ ಒಡಿಯಾ. ಕೇರಳ 2017ರಲ್ಲಿ ವಯನಾಡಿನ ಪ್ರಾಥಮಿಕ ಶಾಲೆಗಳಿಗೆ ಬುಡಕಟ್ಟು ಸಮುದಾಯದವರನ್ನೇ ಮಾರ್ಗದರ್ಶಿ ಶಿಕ್ಷಕರಾಗಿ ನೇಮಿಸಿತು. ಆ ಯೋಜನೆಗೆ ಗೋತ್ರಬಂಧು ಎಂದು ಹೆಸರು. ನ್ಯೂಜಿಲೆಂಡಿನ ಮಾವೊರಿ ಜನ 1982ರಲ್ಲಿ ಇನ್ನೂ ಕೆಳಗಿನಿಂದ ಆರಂಭಿಸಿ, ಶಾಲೆಗೂ ಮುಂಚಿನ ವಯಸ್ಸಿನ ಮಕ್ಕಳನ್ನು ತಮ್ಮ ಹಿರಿಯರ ಮಾತಿನ ನಡುವೆಯೇ ಬೆಳೆಸುವ ಶಿಶುಕೇಂದ್ರಗಳನ್ನು ಕಟ್ಟಿಕೊಂಡರು.

ಸಿದ್ದಿ ಮಾತಿನಲ್ಲಿ ಪ್ರತ್ಯೇಕ ಪಠ್ಯಪುಸ್ತಕ ಬೇಕೆಂದು ನಾನು ಹೇಳುತ್ತಿಲ್ಲ. ವಾಡೆಯಿಂದ ವಾಡೆಗೆ ಬದಲಾಗುವ ಮಾತಿಗೆ ಅದು ಸುಲಭದ ಕೆಲಸವಲ್ಲ, ಮತ್ತು ಎಷ್ಟೋ ಸಿದ್ದಿ ಪಾಲಕರು ತಮ್ಮ ಮಕ್ಕಳಿಗೆ ಒಳ್ಳೆಯ ಕನ್ನಡವೇ ಬೇಕೆಂದು ಸ್ಪಷ್ಟವಾಗಿ ಹೇಳುತ್ತಾರೆ. ಬೇಕಾದದ್ದು ಒಂದನೆಯ ಮತ್ತು ಎರಡನೆಯ ತರಗತಿಯ ಕೋಣೆಯಲ್ಲಿ ಆ ಮಾತು ಬಲ್ಲ ಒಬ್ಬ ಹಿರಿಯ ವ್ಯಕ್ತಿ. ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿ ಮುಗಿಸಿದ ಸಿದ್ದಿ ಹೆಣ್ಣುಮಕ್ಕಳು ಈಗ ಹಲವು ವಾಡೆಗಳಲ್ಲಿ ಸಿಗುತ್ತಾರೆ. ನಲಿಕಲಿ ಕೋಣೆಯಲ್ಲಿ ಮಕ್ಕಳು ಗುಂಪುಗುಂಪಾಗಿ ಕುಳಿತು ಕಾರ್ಡು ಹಿಡಿದು ತಾವಾಗಿ ಕಲಿಯಬೇಕಾದ ಕ್ರಮವಿರುವುದರಿಂದ, ಗುಂಪಿನ ಪಕ್ಕದಲ್ಲಿ ಕುಳಿತು ಮನೆಮಾತಿನಲ್ಲಿ ಒಂದು ಮಾತು ಬಿಡಿಸಿ ಹೇಳುವವರಿದ್ದರೆ ಅದೇ ಕಾರ್ಡು ಮಗುವಿಗೆ ತೆರೆದುಕೊಳ್ಳುತ್ತದೆ. (ನಲಿಕಲಿ ಪದ್ಧತಿ 1995ರಲ್ಲಿ ಹುಟ್ಟಿದ್ದೇ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ, ಹಾಡಿಗಳ, ಅಂದರೆ ಬುಡಕಟ್ಟು ಕೇರಿಗಳ, ಮಕ್ಕಳಿರುವ ತಾಲೂಕಿನಲ್ಲಿ. ರಾಜ್ಯಕ್ಕೆಲ್ಲ ಹರಡಿದ ಮೇಲೆ ಅದನ್ನು ನೆನೆಯುವವರು ಕಡಿಮೆ.) ಗೌರವಧನಕ್ಕೆ ಗ್ರಾಮ ಪಂಚಾಯತಿಯನ್ನೋ ಊರಿನ ಸಹಕಾರಿ ಸಂಘವನ್ನೋ ಕೇಳಲು ತಮ್ಮ ಸಮಿತಿಗೆ ಯಾರ ಅಪ್ಪಣೆಯೂ ಬೇಕಿಲ್ಲ.

ಕರಾವಳಿಯ ಹಾಲಕ್ಕಿ ಒಕ್ಕಲಿಗರ ಮಕ್ಕಳದ್ದು ಇದಕ್ಕಿಂತ ಸ್ವಲ್ಪ ಬೇರೆ ಕಥೆ, ಏಕೆಂದರೆ ಅವರ ಮನೆಮಾತು ಕನ್ನಡವೇ. ಆದರೂ ಅಂಕೋಲೆ, ಕುಮಟೆಯ ಶಾಲೆಗಳಲ್ಲಿ ಆ ಕನ್ನಡವನ್ನು ತಪ್ಪೆಂದು ತಿದ್ದುವ ರೂಢಿ ಇದೆ. ಹಾಲಕ್ಕಿ ಸಮುದಾಯದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ, ಗಿಡಮರ ಬೆಳೆಸಿದ ತುಳಸಿ ಗೌಡರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಇಬ್ಬರೂ ಅಂಕೋಲಾ ತಾಲೂಕಿನವರು, ಇಬ್ಬರಿಗೂ ಶಾಲೆಯ ಓದು ದಕ್ಕಿರಲಿಲ್ಲ. ಅಜ್ಜಿಯ ಹಾಡಿಗೆ ದೆಹಲಿಯಲ್ಲಿ ಪ್ರಶಸ್ತಿ ಕೊಟ್ಟು, ಮೊಮ್ಮಗಳು ಅದೇ ಮಾತನ್ನು ನೋಟಬುಕ್ಕಿನಲ್ಲಿ ಬರೆದರೆ ಕೆಂಪು ಶಾಯಿಯಲ್ಲಿ ಗೀರು ಹಾಕುತ್ತೇವೆ.

ಎರಡನೆಯ ತಿರುವು ದೂರದ್ದು. ಶಿಕ್ಷಣ ಹಕ್ಕು ಕಾಯ್ದೆಯಡಿ ರಾಜ್ಯ 2012ರಲ್ಲಿ ಮಾಡಿಕೊಂಡ ನಿಯಮಗಳಂತೆ ಐದನೆಯ ತರಗತಿಯವರೆಗಿನ ಶಾಲೆ 1 ಕಿ.ಮೀ. ಒಳಗೆ, ಆರರಿಂದ ಎಂಟರವರೆಗಿನದು 3 ಕಿ.ಮೀ. ಒಳಗೆ ಇರಬೇಕು. ಬಯಲುಸೀಮೆಯ ಮೂರು ಕಿಲೋಮೀಟರಿಗೂ ಘಟ್ಟದ ಮೂರು ಕಿಲೋಮೀಟರಿಗೂ ಇರುವ ವ್ಯತ್ಯಾಸವನ್ನು ತಮಗೆ ವಿವರಿಸಬೇಕಿಲ್ಲ. ಶಾಲೆ ಆರಂಭವಾಗುವುದೇ ಮಳೆಗಾಲದ ಬಾಗಿಲಲ್ಲಿ. ಹಳ್ಳ ತುಂಬಿದರೆ ಅಡಿಕೆ ದಬ್ಬೆಯ ಕಾಲುಸಂಕವೇ ಗತಿ, ಅದೂ ಕೊಚ್ಚಿಹೋದರೆ ನೀರು ಇಳಿಯುವವರೆಗೆ ಶಾಲೆಯಿಲ್ಲ. ಒಂದನೆಯ ತರಗತಿಯ ಅಡಿಪಾಯ ಬೀಳಬೇಕಾದ ಜೂನ್, ಜುಲೈ, ಆಗಸ್ಟ್ ತಿಂಗಳುಗಳಲ್ಲೇ ವಾಡೆಯ ಮಗು ಅತಿ ಹೆಚ್ಚು ಗೈರುಹಾಜರಾಗುತ್ತದೆ. ಚಳಿಗಾಲಕ್ಕೆ ಅಡಿಕೆಯ ಕೊನೆಕೊಯ್ಲು ಬರುತ್ತದೆ. ಆಗ ತಂದೆತಾಯಿ ಇಬ್ಬರೂ ತೋಟದಲ್ಲಿ, ಚಿಕ್ಕ ತಮ್ಮತಂಗಿಯರನ್ನು ನೋಡಿಕೊಳ್ಳಲು ದೊಡ್ಡ ಹುಡುಗಿ ಮನೆಯಲ್ಲಿ. ತಮ್ಮ ಶಾಲೆಯ ಹಾಜರಿ ಪುಸ್ತಕವನ್ನು ತಿಂಗಳುವಾರು ಬಿಡಿಸಿ ನೋಡಿದರೆ ಈ ಎರಡು ಕಾಲಗಳು ಎದ್ದು ಕಾಣಬಹುದು ಎಂದು ನನ್ನ ಊಹೆ. ಹಾಗೆ ಕಂಡರೆ ನಿರಾಸಕ್ತಿ ಎಂಬ ಮಾತಿಗೆ ಅದೇ ಉತ್ತರವಾಯಿತು. ನಿರಾಸಕ್ತಿಗೆ ಮಳೆಗಾಲ, ಸುಗ್ಗಿಕಾಲ ಎಂಬ ಭೇದವಿರುವುದಿಲ್ಲ.

ಎಂಟನೆಯ ತರಗತಿಗೆ ಬಂದಾಗ ದೂರ ಒಮ್ಮೆಲೇ ಹಿಗ್ಗುತ್ತದೆ, ಮತ್ತು ಅದೇ ಹೊತ್ತಿಗೆ, ಅಂದರೆ ಹದಿನಾಲ್ಕು ವರ್ಷ ತುಂಬುವಾಗ, ಕಾಯ್ದೆಯ ರಕ್ಷಣೆಯೂ ಮುಗಿಯುತ್ತಾ ಬರುತ್ತದೆ. ಹೈಸ್ಕೂಲಿನ ಬಸ್ಸು ಮುಖ್ಯ ರಸ್ತೆಯಲ್ಲಿ ಹೋಗುತ್ತದೆ, ಮುಖ್ಯ ರಸ್ತೆಗೂ ವಾಡೆಗೂ ನಡುವೆ ಕಾಡು. ಹೆಣ್ಣುಮಕ್ಕಳ ಪಾಲಕರು ಇಲ್ಲಿ ಹಿಂಜರಿಯುವುದನ್ನು ನಿರಾಸಕ್ತಿ ಎಂದು ಕರೆಯಲು ನನಗೆ ಮನಸ್ಸು ಬಾರದು. ರಸ್ತೆಗೆ ಅರಣ್ಯ ಇಲಾಖೆಯ ಅಡ್ಡಿ ಎಂಬ ಮಾತು ಪ್ರತಿ ಗ್ರಾಮಸಭೆಯಲ್ಲೂ ಕೇಳಿಬರುತ್ತದೆಯಲ್ಲ, ಅದಕ್ಕೆ ಒಂದು ದಾರಿಯಿದೆ. 2006ರ ಅರಣ್ಯ ಹಕ್ಕು ಕಾಯ್ದೆಯ 3(2) ಪ್ರಕರಣದಂತೆ ಶಾಲೆ, ಅಂಗನವಾಡಿ, ರಸ್ತೆ ಮುಂತಾದ ಸೌಲಭ್ಯಗಳಿಗೆ ತಲಾ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಬಿಟ್ಟುಕೊಡಲು ಅವಕಾಶವಿದೆ. ಅತಿಕ್ರಮಣ ಸಕ್ರಮದ ಗದ್ದಲದಲ್ಲಿ ಈ ಉಪಪ್ರಕರಣವನ್ನು ನಮ್ಮ ಜಿಲ್ಲೆಯಲ್ಲಿ ಬಳಸಬೇಕಾದಷ್ಟು ಬಳಸಿಲ್ಲ ಎಂಬುದು ನನ್ನ ಅನಿಸಿಕೆ.

ಮೂರನೆಯದು ಕಾಗದಪತ್ರ. ಮೀಸಲಾತಿ ಇದ್ದೂ ಹೀಗೇಕೆ ಎಂದು ಕೇಳಿದ್ದೀರಿ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳಿಗೆ ಅದು ದೊರೆತದ್ದು 2020ರಲ್ಲಿ. ಅಂದರೆ ಈಗಿನ ಮಕ್ಕಳ ತಂದೆತಾಯಿಗಳಲ್ಲಿ ಹಲವರು ಶಾಲೆಗೆ ಹೋಗುವ ವಯಸ್ಸಿನಲ್ಲಿದ್ದಾಗ ಈ ಸೌಲಭ್ಯವೇ ಇರಲಿಲ್ಲ, ಮನೆಯಲ್ಲಿ ಅದನ್ನು ಬಳಸಿ ಗೊತ್ತಿರುವವರೂ ಇಲ್ಲ. ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರ ಮಾಡಿಸಿ, ಅದರ ಆರ್‌ಡಿ ಸಂಖ್ಯೆಯನ್ನು ವಿದ್ಯಾರ್ಥಿವೇತನದ ಪೋರ್ಟಲಿಗೆ ಹಾಕುವಾಗ, ಆಧಾರಿನ ಹೆಸರೂ ಶಾಲೆಯ ಎಸ್‌ಎಟಿಎಸ್ (ವಿದ್ಯಾರ್ಥಿಗಳ ಆನ್‌ಲೈನ್) ದಾಖಲೆಯ ಹೆಸರೂ ಒಂದೇ ಇರಬೇಕು. ಒಂದು ಕಡೆ ತಂದೆಯ ಹೆಸರು ನಡುವೆ, ಇನ್ನೊಂದು ಕಡೆ ಕೊನೆಯಲ್ಲಿ ಇದ್ದರೆ ಅರ್ಜಿ ಅಲ್ಲಿಗೇ ನಿಂತಿತು. ತಿದ್ದುಪಡಿಗೆ ತಾಲೂಕು ಕೇಂದ್ರಕ್ಕೆ ಹೋಗಿ ಬರುವ ದಿನ ಕೂಲಿಯೂ ಹೋಯಿತು. ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯೂ ಓಡಾಡುತ್ತದೆ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಪರಿಶಿಷ್ಟ ಜಾತಿಗೆ ಇರುವ ಧರ್ಮದ ನಿರ್ಬಂಧ ಪರಿಶಿಷ್ಟ ಪಂಗಡಕ್ಕೆ ಇಲ್ಲ. ಚರ್ಚಿಗೆ ಹೋಗುವ ಸಿದ್ದಿಯ ಮಗನಿಗೂ ಮಸೀದಿಗೆ ಹೋಗುವ ಸಿದ್ದಿಯ ಮಗಳಿಗೂ ಪ್ರಮಾಣಪತ್ರದ ಹಕ್ಕು ಒಂದೇ. ಯಾರಾದರೂ ಬೇರೆ ರೀತಿ ಹೇಳಿ ತಿರುಗಿ ಕಳಿಸಿದರೆ ಅದನ್ನು ಬರವಣಿಗೆಯಲ್ಲಿ ಕೊಡಿ ಎಂದು ಕೇಳಿರಿ.

ಪ್ರಮಾಣಪತ್ರ ಸಿಕ್ಕ ಮೇಲೂ ಸ್ಪರ್ಧೆ ಸಮಾನರ ನಡುವೆ ನಡೆಯುವುದಿಲ್ಲ. ರಾಜ್ಯದ ಪರಿಶಿಷ್ಟ ಪಂಗಡ ಮೀಸಲಾತಿ 2022ರಲ್ಲಿ ಶೇ. 3ರಿಂದ 7ಕ್ಕೆ ಏರಿತಾದರೂ ಆ ಪಾಲಿನಲ್ಲಿ ಸಂಖ್ಯೆಯಲ್ಲೂ ಓದಿನಲ್ಲೂ ಎಷ್ಟೋ ಮುಂದಿರುವ ದೊಡ್ಡ ಸಮುದಾಯಗಳ ಜೊತೆಗೇ ಸಿದ್ದಿ ಮಗು ಪೈಪೋಟಿ ನಡೆಸಬೇಕು. ಅತಿ ಹಿಂದುಳಿದ ಬುಡಕಟ್ಟುಗಳಿಗೆಂದು ಕೇಂದ್ರ ಪ್ರತ್ಯೇಕ ಗಮನ ಕೊಡುವ ಪಟ್ಟಿಯಲ್ಲಿ ಕರ್ನಾಟಕದಿಂದ ಇರುವವರು ಜೇನುಕುರುಬರು ಮತ್ತು ಕೊರಗರು ಮಾತ್ರ, ಸಿದ್ದಿಗಳಿಲ್ಲ. ಬುಡಕಟ್ಟು ಮಕ್ಕಳಿಗೆಂದು ಇರುವ ಏಕಲವ್ಯ ಮಾದರಿ ವಸತಿ ಶಾಲೆಗಳನ್ನು ವಿಸ್ತರಿಸುವಾಗ 2018ರಲ್ಲಿ ಕೇಂದ್ರ ಇಟ್ಟುಕೊಂಡ ಅಳತೆ, ಬ್ಲಾಕಿನ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೂ ಕನಿಷ್ಠ 20,000 ಬುಡಕಟ್ಟು ಜನರಿರಬೇಕು ಎಂಬುದು. ಶೇ. 2.4ರ ಜಿಲ್ಲೆ ಆ ಅಳತೆಗೆ ಎಂದೂ ಎಟುಕದು. ಹಾಲಕ್ಕಿಗಳು, ಜೋಯಿಡಾದ ಕುಣಬಿಗಳು, ಗೌಳಿಗಳು ಪರಿಶಿಷ್ಟ ಪಂಗಡದ ಪಟ್ಟಿಯಲ್ಲೇ ಇಲ್ಲ. ಅವರ ಬೇಡಿಕೆ ದಶಕಗಳಿಂದ ಬೆಂಗಳೂರು ದೆಹಲಿಗಳ ನಡುವೆ ಓಡಾಡುತ್ತಿದೆ. ಸಂಖ್ಯೆ ನೋಡಿ ಹೆಣೆದ ಯೋಜನೆಗಳು ಬಲೆಯ ಕಣ್ಣಿನ ಹಾಗೆ: ಸಣ್ಣ ಸಮುದಾಯಗಳು ನುಸುಳಿ ಹೊರಗೇ ಉಳಿಯುತ್ತವೆ.

ಈಗ ಅಮೆರಿಕ, ಕೆನಡಾಗಳ ಹೋಲಿಕೆ. ಸಿದ್ದಿಗಳು ಪೋರ್ಚುಗೀಸರ ಕಾಲದಲ್ಲಿ ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟು, ಗೋವೆಯ ಕಡೆಯಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಚರಿತ್ರೆ. ಆ ಅರ್ಥದಲ್ಲಿ ಅವರು ಅಮೆರಿಕದ ಕಪ್ಪು ಜನರಿಗೆ ದೂರದ ಬಂಧುಗಳು. ನಮ್ಮ ಕಾನೂನಿನ ಲೆಕ್ಕದಲ್ಲಿ ಬುಡಕಟ್ಟು. ಆದರೆ ಕಾರಣಗಳು ಒಂದೇ ಅಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1954ರಲ್ಲಿ ಬಣ್ಣದ ಆಧಾರದ ಪ್ರತ್ಯೇಕ ಶಾಲೆಗಳನ್ನು ಸಂವಿಧಾನಬಾಹಿರವೆಂದ ಮೇಲೂ ಅಂತರ ಉಳಿದಿರುವುದಕ್ಕೆ ದೊಡ್ಡ ಕಾರಣ, ಅಲ್ಲಿನ ಶಾಲೆಗಳ ಹಣದ ಗಣನೀಯ ಭಾಗ ಸ್ಥಳೀಯ ಆಸ್ತಿ ತೆರಿಗೆಯಿಂದ ಬರುವುದು: ಬಡವರ ಬಡಾವಣೆಗೆ ಬಡ ಶಾಲೆ. ನಮ್ಮಲ್ಲಿ ಹಣ ರಾಜ್ಯದ ಖಜಾನೆಯಿಂದ ಬರುತ್ತದೆ, ಆದ್ದರಿಂದ ಆ ವಿವರಣೆ ಇಲ್ಲಿಗೆ ಹೊಂದದು. ಹೊಂದುವುದು ಬೇರೊಂದು ವಿಷಯ. ಅಲ್ಲಿನ ಶಿಕ್ಷಣ ಇಲಾಖೆಯೇ 2011-12ರಲ್ಲಿ ಸಂಗ್ರಹಿಸಿದ ಅಂಕಿಗಳಂತೆ ಕಪ್ಪು ಮಕ್ಕಳನ್ನು ಶಿಸ್ತಿನ ಹೆಸರಿನಲ್ಲಿ ಶಾಲೆಯಿಂದ ಹೊರಗಿಟ್ಟ ಪ್ರಮಾಣ ಬಿಳಿಯ ಮಕ್ಕಳಿಗಿಂತ ಮೂರು ಪಟ್ಟು. ಮಗುವಿನ ಮೈಬಣ್ಣ ನೋಡಿ ಅದರ ನಡತೆಯ ಬಗ್ಗೆ ಮೊದಲೇ ತೀರ್ಮಾನಿಸುವ ಈ ಗುಣ ಯಾವುದೋ ಒಂದು ದೇಶದ ಸೊತ್ತಲ್ಲ. ತಮ್ಮ ಶಾಲೆಯಲ್ಲಿ ಕೂದಲು, ಬಣ್ಣ ಹಿಡಿದು ಅಡ್ಡಹೆಸರು ಕರೆಯುತ್ತಾರೆಯೇ, ವಾರ್ಷಿಕೋತ್ಸವದ ನಾಟಕದಲ್ಲಿ ರಾಕ್ಷಸನ ಪಾತ್ರ ಪ್ರತಿ ವರ್ಷ ಯಾರಿಗೆ ಹೋಗುತ್ತದೆ, ಕಸ ಗುಡಿಸಲು ಯಾರನ್ನು, ಪಾಠ ಓದಲು ಯಾರನ್ನು ಕರೆಯುತ್ತಾರೆ ಎಂಬುದನ್ನು ಸುಮ್ಮನೆ ಗಮನಿಸಿರಿ. ಹೊಡೆತದಷ್ಟೇ ಮಾನಸಿಕ ಕಿರುಕುಳವನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣ ನಿಷೇಧಿಸಿದೆ. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು ಸಮುದಾಯದ ಮೊದಲ ಶಾಸಕರಾದರು. ಅಂಥವರ ಭಾವಚಿತ್ರ ಗೋಡೆಯ ಮೇಲೆ ಇದ್ದರೆ ಒಳ್ಳೆಯದೇ, ಆದರೆ ತರಗತಿಯಲ್ಲಿ ಪ್ರಶ್ನೆ ಕೇಳುವ ಕ್ರಮ ಬದಲಾಗದೆ ಚಿತ್ರವೊಂದೇ ಹೆಚ್ಚು ಕೆಲಸ ಮಾಡದು.

ಕೆನಡಾದಿಂದ ಕಲಿಯಬೇಕಾದದ್ದು ಎಚ್ಚರಿಕೆ. ಅಲ್ಲಿ ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ವಸತಿ ಶಾಲೆಗಳಿಗೆ ಸೇರಿಸಿ, ಮನೆಮಾತು ಆಡಿದರೆ ಶಿಕ್ಷಿಸಿ, ಕುಲದ ನೆನಪನ್ನೇ ಅಳಿಸಲು ಯತ್ನಿಸಲಾಯಿತು. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಸತ್ಯಶೋಧನೆಗೆ ನೇಮಿಸಿದ ಆಯೋಗ 2015ರಲ್ಲಿ ಇದನ್ನು ಸಾಂಸ್ಕೃತಿಕ ನರಮೇಧ ಎಂದು ಕರೆಯಿತು. ಬುಡಕಟ್ಟು ಮಕ್ಕಳಿಗೆ ಸರ್ಕಾರ ನಡೆಸುವ ವಸತಿ ಶಾಲೆಗಳಾದ ನಮ್ಮ ಆಶ್ರಮ ಶಾಲೆಗಳ ಉದ್ದೇಶ ಅದಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಎಷ್ಟೋ ಸಿದ್ದಿ ಮಕ್ಕಳು ಓದು ಮುಂದುವರಿಸಿದ್ದು ಇಂಥ ಶಾಲೆಗಳ, ನಿಲಯಗಳ ಆಸರೆಯಿಂದಲೇ. ಆದರೂ ಆರು ವರ್ಷದ ಮಗುವನ್ನು ಮನೆಯಿಂದ ಬೇರ್ಪಡಿಸುವುದು ಸುಲಭದ ಪರಿಹಾರವೆಂದು ಇಲಾಖೆ ಭಾವಿಸಬಾರದು. ಐದನೆಯ ತರಗತಿಯವರೆಗೆ ಮಗು ವಾಡೆಯಿಂದಲೇ ಶಾಲೆಗೆ ಬರಲಿ, ಆರರಿಂದ ಮುಂದೆ ಮಗುವಿನ ಒಪ್ಪಿಗೆಯಿದ್ದರೆ ಮೊರಾರ್ಜಿ ದೇಸಾಯಿ ವಸತಿ ಶಾಲೆಯಂಥ ಕಡೆ ಸೇರಲಿ, ಪ್ರವೇಶ ಪರೀಕ್ಷೆಗೆ ಐದನೆಯ ತರಗತಿಯಲ್ಲೇ ಶಾಲೆ ತಯಾರಿ ಮಾಡಿಸಲಿ ಎಂಬುದು ನನ್ನ ಸಲಹೆ.

ತಮ್ಮ ಸಮಿತಿಯ ವಿಷಯಕ್ಕೆ ಬಂದರೆ, ಮೊದಲು ಸದಸ್ಯರ ಪಟ್ಟಿ ನೋಡಿರಿ. ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಪ್ರಕರಣದಂತೆ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರಾಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಅವಕಾಶವಂಚಿತ ಗುಂಪುಗಳ ಪಾಲಕರಿಗೆ ಮಕ್ಕಳ ಸಂಖ್ಯೆಗೆ ತಕ್ಕ ಸ್ಥಾನ ಇರಬೇಕು. ವಾಡೆಯ ತಾಯಂದಿರು ಸಭೆಗೆ ಬಂದು ಹೆಬ್ಬೆಟ್ಟು ಒತ್ತಿ ಹೋಗುವುದಲ್ಲ. ಕೂಲಿ ತಪ್ಪದ ಹೊತ್ತಿನಲ್ಲಿ, ಕೆಲವು ಸಲ ವಾಡೆಯಲ್ಲೇ, ಸಭೆ ಇಡಿರಿ. ಎರಡನೆಯದಾಗಿ, ಏಳನೆಯ ತರಗತಿ ಮುಗಿಸುವ ಪ್ರತಿ ಮಗುವಿನ ಟಿಸಿ ಯಾವ ಹೈಸ್ಕೂಲಿಗೆ ತಲುಪಿತು ಎಂದು ಜೂನ್ ಮುಗಿಯುವುದರೊಳಗೆ ಹೆಸರು ಹಿಡಿದು ವಿಚಾರಿಸಿರಿ. ಟಿಸಿ ಮನೆಯಲ್ಲೇ ಉಳಿದಿದ್ದರೆ ಕಾರಣ ಬಸ್ಸೋ, ನಿಲಯದ ಅರ್ಜಿಯೋ, ಪ್ರಮಾಣಪತ್ರವೋ ಎಂಬುದು ಅಲ್ಲಿಯೇ ತಿಳಿಯುತ್ತದೆ, ಮತ್ತು ಅದನ್ನು ಸಿಆರ್‌ಪಿಗೋ (ಸಂಪನ್ಮೂಲ ವ್ಯಕ್ತಿ) ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೋ ಬರವಣಿಗೆಯಲ್ಲಿ ಒಯ್ಯಬಹುದು. ಶಾಲೆ ಬಿಟ್ಟು ವರ್ಷ ಕಳೆದ ಮಗು ತನ್ನ ವಯಸ್ಸಿಗೆ ತಕ್ಕ ತರಗತಿಗೇ ಮರಳಲು, ಅದಕ್ಕಾಗಿ ವಿಶೇಷ ತರಬೇತಿ ಪಡೆಯಲು ಅದೇ ಕಾಯ್ದೆಯ 4ನೆಯ ಪ್ರಕರಣ ಹಕ್ಕು ಕೊಟ್ಟಿದೆ.

ಓಟದ ಹುಡುಗಿಯ ಬಗ್ಗೆ ಸ್ವಲ್ಪ ಎಚ್ಚರದಿಂದ ಹೇಳುತ್ತೇನೆ. ಭಾರತೀಯ ಕ್ರೀಡಾ ಪ್ರಾಧಿಕಾರ 1987ರಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ಅಥ್ಲೆಟಿಕ್ಸ್ ತರಬೇತಿಗೆ ಒಯ್ದಿತು. ಅವರಲ್ಲಿ ಕೆಲವರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು. 1993ರಲ್ಲಿ ಆ ಯೋಜನೆ ನಿಂತುಹೋಯಿತು. ಕ್ರೀಡೆಯನ್ನೇ ನಂಬಿದ್ದ ಹಲವರು ಊರಿಗೆ ಮರಳಿ ಕೂಲಿಗೆ ಹೋಗಬೇಕಾಯಿತು. ಸಿದ್ದಿ ಮಗು ಎಂದರೆ ಓಟ, ಸಿದ್ದಿ ಮಗು ಎಂದರೆ ಡಮಾಮಿ ಎಂಬ ಸಮುದಾಯದ ಕುಣಿತ ಎಂದು ನಾವು ಮೆಚ್ಚುಗೆಯಿಂದ ಹೇಳುವಾಗಲೂ ಅದರ ಮುಂದಿನ ಬೇರೆ ಬಾಗಿಲುಗಳನ್ನು ಮುಚ್ಚುತ್ತಿರುತ್ತೇವೆ. ಆದ್ದರಿಂದ ಮೊದಲು ಆ ಹುಡುಗಿಯನ್ನೇ ಕೇಳಿರಿ, ಅವಳ ತಾಯಿಯನ್ನು ಕೇಳಿರಿ. ಅವರಿಗೆ ಮನಸ್ಸಿದ್ದರೆ ಕಳಿಸಿರಿ. ಆದರೆ ಸೇರಿಸುವ ಮುನ್ನ ನಿಲಯದವರಿಂದ ಮೂರು ಸಂಗತಿ ತಿಳಿದುಕೊಳ್ಳಿರಿ: ತರಬೇತಿಯ ಜೊತೆ ಅವಳು ಯಾವ ಶಾಲೆಯಲ್ಲಿ ನಿತ್ಯದ ಪಾಠ ಕೇಳುತ್ತಾಳೆ, ಗಾಯವಾದರೆ ಅಥವಾ ಆಯ್ಕೆಯಿಂದ ಬಿದ್ದರೆ ಓದು ಅಲ್ಲೇ ಮುಂದುವರಿಯುತ್ತದೆಯೇ, ರಜೆಯಲ್ಲಿ ಮನೆಗೆ ಕರೆತರುವ ಖರ್ಚು ಯಾರದು. ಈ ಮೂರಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಅವಳು ಸದ್ಯ ಸಮೀಪದ ಹೈಸ್ಕೂಲಿಗೇ ಸೇರಿ ತಾಲೂಕು, ಜಿಲ್ಲಾ ಕ್ರೀಡಾಕೂಟಗಳಲ್ಲಿ ಓಡುವುದು ಮೇಲು. ನಿಲಯದ ಆಯ್ಕೆಗೆ ಮುಂದಿನ ವರ್ಷವೂ ಪ್ರಯತ್ನಿಸಬಹುದು.